ಅಪ್‌ಡೇಟ್: ಬೆಂಗಳೂರೋ ತೋಟವೋ ಅಂತ ಕೇಳಿದ್ದೆ

ಹೋದ ತಿಂಗಳು ಕೇಳಿದ್ದೆ ಅಲ್ವಾ, ಬೆಂಗಳೂರಲ್ಲಿ ಕೆಲಸ ಸಿಕ್ಕಿದೆ, ಇಲ್ಲಿ ವಿರಾಜಪೇಟೆ ಹತ್ತಿರ ಅಪ್ಪ ಒಬ್ಬರೇ ಕಾಫಿ ತೋಟ ನೋಡಿಕೊಳ್ಳುತ್ತಿದ್ದಾರೆ, ಉಳಿಯೋಣ ಅಂತಿದ್ದವನಿಗೆ ಈಗ ದೇವರ ಚಿತ್ತ ಯಾವುದು ಅಂತ ಗೊತ್ತಾಗುತ್ತಿಲ್ಲ ಅಂತ. ಉತ್ತರ ಬರೆದವರಿಗೆಲ್ಲ ತುಂಬಾ ಥ್ಯಾಂಕ್ಸ್.

ನಾನು ಬೈಬಲ್ ತೆರೆದಾಗ ಕಣ್ಣಿಗೆ ಬಿದ್ದ ವಚನವನ್ನೇ ಉತ್ತರ ಅಂದುಕೊಳ್ಳುತ್ತಿದ್ದೆ. ಫಾದರ್ ಆ ಅಭ್ಯಾಸ ಬಿಡಿಸಿದರು. ಬೈಬಲಿನಲ್ಲಿ ಸಂತ ಪೌಲ ರೋಮನರಿಗೆ ಬರೆದ ಪತ್ರದ 12:2 ಓದಿಸಿದರು. ಅಲ್ಲಿ ಪೌಲ ಮೊದಲು ಮನಸ್ಸು ಹೊಸದಾಗಲಿ ಅನ್ನುತ್ತಾನೆ, ಚಿತ್ತ ತಿಳಿಯುವುದು ಆಮೇಲೆ. ಮನಸ್ಸು ಕುಗ್ಗಿರುವಾಗ ಮೊದಲಿನ ತೀರ್ಮಾನ ಬದಲಿಸಬಾರದು ಅನ್ನುವ ಸಂತ ಇಗ್ನೇಷಿಯಸ್ ಲೊಯೋಲಾರ (ಜೆಸ್ವಿಟ್ ಪಾದ್ರಿಗಳ ಸಂಘ ಕಟ್ಟಿದವರು) ನಿಯಮವನ್ನೂ ಹೇಳಿದರು. ನಾನು ಕಂಪನಿಗೆ 'ಬರುತ್ತೇನೆ' ಅಂತ ಮೇಲ್ ಬರೆದಿಟ್ಟಿದ್ದು ಅಂಥದ್ದೇ ಒಂದು ರಾತ್ರಿ.

ಎರಡು ವಾರ ದಿನಾ ಬೆಳಗ್ಗೆ ಸುಮ್ನೆ ಕೂತು ಪ್ರಾರ್ಥಿಸಿದೆ. ಆಮೇಲೆ ಕಣದಲ್ಲಿ ಕಾಫಿ ಹರವುತ್ತಾ ಅಪ್ಪನನ್ನೇ ಕೇಳಿಬಿಟ್ಟೆ, ನಾನು ಹೋದರೆ ನಿಮಗೆ ಕಷ್ಟ ಆಗುತ್ತಾ? ಅವರು ಒಂದು ಒಣಹಣ್ಣು ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿ, "ಆಗುತ್ತೆ. ಆದ್ರೆ ನನಗೋಸ್ಕರ ಉಳಿದು ಆಮೇಲೆ ಕೊರಗಬೇಡ ಮಗಾ" ಅಂದರು.

ಹೋಗುವ ಯೋಚನೆಯ ಖುಷಿ ಒಂದು ಗಂಟೆಗೇ ಆರುತ್ತಿತ್ತು. ಉಳಿಯುವ ಯೋಚನೆಯ ಸಮಾಧಾನ ಮರುದಿನವೂ ಇರುತ್ತಿತ್ತು. ಸೋಮವಾರ ಕಂಪನಿಗೆ ಬರಲ್ಲ ಅಂತ ತಿಳಿಸಿದೆ. ಭಯ ಇನ್ನೂ ಇದೆ, ಪ್ರಾರ್ಥನೆಯಲ್ಲಿ ನೆನೆಸಿಕೊಳ್ಳಿ.