ಪದ ಬೇಕು (ತುರ್ತು): ಸತ್ತ ಮೇಲೆ ಮೈ ಸೆಟೆಯುವುದು, ನೆತ್ತರು ಕೆಳಗಿಳಿಯುವುದು

ಗೆಳೆಯರೆ,

ವೈದ್ಯವಿಜ್ಞಾನದ ಪ್ರದರ್ಶನವೊಂದಕ್ಕೆ ಗೋಡೆಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಾವಿನ ನಂತರ ದೇಹದಲ್ಲಾಗುವ ಬದಲಾವಣೆಗಳ ಫಲಕ ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕು. ನಾಲ್ಕು ಪದ ಬಾಕಿ: ಆಲ್ಗರ್ ಮಾರ್ಟಿಸ್ (ಮೈ ತಣ್ಣಗಾಗುವುದು), ಲಿವರ್ ಮಾರ್ಟಿಸ್ (ರಕ್ತ ಕೆಳಗಿಳಿದು ಚರ್ಮದ ಬಣ್ಣ ಬದಲಾಗುವುದು), ರಿಗರ್ ಮಾರ್ಟಿಸ್ (ಸೆಟೆಯುವುದು), ಅಡಿಪೋಸಿಯರ್ (ಕೊಬ್ಬು ಮೇಣದಂತಾಗುವುದು). ಮೊದಲ ಮೂರಕ್ಕೆ ಕರಡಿನಲ್ಲಿ ಮರಣೋತ್ತರ ಶೈತ್ಯ, ಮರಣೋತ್ತರ ವೈವರ್ಣ್ಯ, ಮರಣೋತ್ತರ ಕಾಠಿಣ್ಯ ಎಂದಿದೆ. ಓದುವವರು ಹೈಸ್ಕೂಲು ಮಕ್ಕಳು, ಹೆದರಿ ಓಡಬಾರದು. ಮೂಲಪದವನ್ನೇ ಇಡೋಣವೆಂದರೆ, ಲಿವರ್ ಎಂದು ಕಂಡ ಕೂಡಲೇ ಪಿತ್ತಜನಕಾಂಗದ ಕಾಯಿಲೆ ಅಂದುಕೊಳ್ಳುತ್ತಾರೆ.

----

ಕಾಠಿಣ್ಯ ಅಲ್ಲ, ಕಾಠಿನ್ಯ. ಉಳಿದದ್ದೆಲ್ಲ ಸರಿಯಾಗಿಯೇ ಇದೆ. ಬದಲಿಸುವ ಅಗತ್ಯ ಕಾಣೆ.

----

ಪ್ರಾಣ ಹೋದ ಮೇಲಿನ ಸಂಗತಿಗೆ ಮಹಾಪ್ರಾಣ ಯಾಕೆ ಸ್ವಾಮಿ?

ಹೆಣತಣಿವು, ಹೆಣಗಂದು, ಹೆಣಸೆಟೆ, ಹೆಣಮೇಣ. ನಾಲ್ಕೂ ಅಚ್ಚಗನ್ನಡ. ಹೆಣ ಎಂದರೆ ಹಳಗನ್ನಡದ ಪೆಣ, ತಮಿಳರ ಪಿಣಂ. ನಮ್ಮ ಮನೆಯದೇ ಮಾತು. ಪತ್ರಿಕೆಗಳಲ್ಲಿ ಪಾರ್ಥಿವ ಶರೀರ ಬಂದ ಮೇಲೆ ಹೆಣ ಎಂಬುದು ಬೈಗುಳದಂತಾಗಿದೆ. ಅದನ್ನು ಮತ್ತೆ ಮರ್ಯಾದೆಯ ಮಾತು ಮಾಡುವ ಕೆಲಸ ಇಂಥ ಫಲಕಗಳಿಂದಲೇ ಶುರುವಾಗಲಿ.

----

> ಹೆಣತಣಿವು

ಕಣ್ಣು ತಣಿಯಿತು, ಮನ ತಣಿಯಿತು ಅನ್ನುವ ಭಾಷೆಯಲ್ಲಿ ಹೆಣಕ್ಕೆ ತಣಿವು ಅಂದರೆ ಹೆಣಕ್ಕೆ ತೃಪ್ತಿಯಾಯಿತು ಎಂದೇ ಅರ್ಥ. ಬೇಕಾದ ಧಾತು ಆರು, ಹಳೆಯ ಬರಹದಲ್ಲಿ ಶಕಟರೇಫದ ಆಱು. ದೀಪ ಆರುತ್ತದೆ, ಗಾಯ ಆರುತ್ತದೆ, ಬಿಸಿ ಆರುತ್ತದೆ. ತನ್ನೊಳಗಿನ ಕಾವು ನಿಂತು ಸುತ್ತಲಿನ ಹದಕ್ಕೆ ಬರುವುದು ಈ ಧಾತುವಿನಲ್ಲೇ ಇದೆ. ಶಕಟರೇಫವನ್ನು ಕೈಬಿಟ್ಟಿದ್ದೇ ನಮ್ಮ ದೊಡ್ಡ ನಷ್ಟ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ಸದ್ಯಕ್ಕೆ ಮೈಯಾರಿಕೆ ಎಂದಿಡಿ.

----

ಮೈಯಾರಿಕೆ! ಮಕ್ಕಳು "ಮೈ ಯಾರಿಗೆ" ಎಂದು ಓದುತ್ತಾರೆ.

----

ಶವಾಗಾರದಲ್ಲಿ ಕೆಲಸ ಮಾಡುವವನು ನಾನು. ಪದ ಕಟ್ಟುವ ಮೊದಲು ಆಗುವುದೇನು ಎಂದು ನೋಡಿದರೆ ಒಳ್ಳೆಯದು.

ಹೆಣಗಂದು, ವೈವರ್ಣ್ಯ ಎರಡೂ ಬೇಡ. ಹೃದಯ ನಿಂತ ಮೇಲೆ ರಕ್ತ ತನ್ನ ತೂಕಕ್ಕೆ ತಾನೇ ಕೆಳಕ್ಕೆ ಜಾರುತ್ತದೆ. ಅಂಗಾತ ಮಲಗಿಸಿದ ದೇಹವಾದರೆ ಬೆನ್ನು, ಕತ್ತಿನ ಹಿಂಭಾಗ, ತೊಡೆಯ ಹಿಂಭಾಗ ಊದಾ ಬಣ್ಣಕ್ಕೆ ತಿರುಗುತ್ತವೆ. ಆದರೆ ನೆಲಕ್ಕೆ ಒತ್ತಿಕೊಂಡ ಹೆಗಲೆಲುಬು, ಕುಂಡೆಗಳ ಜಾಗ ಬಿಳಿಚಿಕೊಂಡೇ ಇರುತ್ತದೆ, ಅಲ್ಲಿ ರಕ್ತನಾಳಗಳು ಅದುಮಿರುವುದರಿಂದ. ಕಾರ್ಬನ್ ಮೊನಾಕ್ಸೈಡ್‌ನಿಂದ ಸತ್ತವರಲ್ಲಿ ಬಣ್ಣ ಊದಾ ಅಲ್ಲ, ಚೆರ್ರಿ ಹಣ್ಣಿನ ಕೆಂಪು. ಬಣ್ಣದ ಮೇಲೆ ಹೆಸರಿಟ್ಟರೆ ಅಲ್ಲಿ ಏನು ಮಾಡುತ್ತೀರಿ? ಮೊದಲ ಕೆಲವು ಗಂಟೆ ಹೆಬ್ಬೆರಳಿನಿಂದ ಒತ್ತಿದರೆ ಆ ಜಾಗ ಬಿಳುಪಾಗುತ್ತದೆ. ಸುಮಾರು 8 ರಿಂದ 12 ಗಂಟೆ ಕಳೆದರೆ ಒತ್ತಿದರೂ ಬದಲಾಗುವುದಿಲ್ಲ, ದೇಹವನ್ನು ಮಗುಚಿದರೂ ಬಣ್ಣ ಅಲ್ಲೇ ಉಳಿಯುತ್ತದೆ. ಮಗುಚಿದ್ದಾರೆಂದು ತಿಳಿಯುವುದೂ ಇದರಿಂದಲೇ. ಇದನ್ನು ರಕ್ತ ಹೆಪ್ಪುಗಟ್ಟುವುದು ಎಂದು ಮಾತ್ರ ಬರೆಯಬೇಡಿ. ಹೆಪ್ಪು ಬೇರೆ, ಇದು ಬೇರೆ.

ಸೆಟೆಯುವುದರ ಬಗ್ಗೆ. ಸ್ನಾಯು ಬಿಗಿಯಲು ಮಾತ್ರವಲ್ಲ, ಸಡಿಲಗೊಳ್ಳಲೂ ಎಟಿಪಿ (ಜೀವಕೋಶಗಳಿಗೆ ಶಕ್ತಿ ಒದಗಿಸುವ ಅಣು) ಬೇಕು. ಅದು ಮುಗಿದಾಗ ಆಕ್ಟಿನ್, ಮಯೋಸಿನ್ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ನಿಲ್ಲುತ್ತವೆ. ಸಾಮಾನ್ಯವಾಗಿ 2 ರಿಂದ 4 ಗಂಟೆಯೊಳಗೆ ರೆಪ್ಪೆ, ದವಡೆ, ಕತ್ತಿನಲ್ಲಿ ಮೊದಲು ಗೊತ್ತಾಗುತ್ತದೆ, 12 ಗಂಟೆಯ ಹೊತ್ತಿಗೆ ಇಡೀ ಮೈ. ಆಮೇಲೆ ಆ ಪ್ರೋಟೀನುಗಳೇ ಒಡೆಯತೊಡಗಿ ಮೈ ಮತ್ತೆ ಸಡಿಲವಾಗುತ್ತದೆ. ಬಿಸಿಯಲ್ಲಿ ಎಲ್ಲವೂ ಬೇಗ, ಚಳಿಯಲ್ಲಿ ನಿಧಾನ. ನಾವು ಒಳಗೆ ಆಡುವುದು ಇಷ್ಟೇ: "ಸೆಟ್ಕೊಂಡಿದೆ", "ಬಿಟ್ಟಿದೆ". ಸೆಟೆತ ಹಿಡಿಯುತ್ತದೆ, ಸೆಟೆತ ಬಿಡುತ್ತದೆ. ಕಾಠಿನ್ಯ ಬಿಡುತ್ತದೆಯೇ? ಯಾರಾದರೂ ಮರಗಟ್ಟು ಎಂದು ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ, ಅದು ಬದುಕಿದವರ ಕಾಲಿಗೆ ಆಗುವಂಥದ್ದು.

----

ಹಾಗಾದರೆ ಶವಸೆಟೆತ, ನೆತ್ತರಿಳಿತ ಎಂದಿಡಬಹುದೆ?

----

ಶವ ಸಂಸ್ಕೃತ, ಸೆಟೆತ ಕನ್ನಡ. ಅರಿಸಮಾಸ. ಕೇಶಿರಾಜನ ಕಣ್ಣಿಗೆ ಬೀಳದಂತೆ ಇಡಿ. ಇನ್ನು ಇಳಿತ ಅಂದರೆ ರಕ್ತದೊತ್ತಡ ಇಳಿದದ್ದು ಎಂದಾಗುತ್ತದೆ.

----

ಪೊಲೀಸ್ ಠಾಣೆ ಎಂದು ಬರೆಯುವಾಗ ಕೇಶಿರಾಜ ಎಲ್ಲಿದ್ದ? ಮತ್ತೆ, ಸತ್ತವರಿಗೆ ರಕ್ತದೊತ್ತಡ ಎಲ್ಲಿಯದು?

----

ನಾನು ಹೆಣಸೆಟೆ ಎಂದಾಗಲೇ ಒಪ್ಪಿದ್ದರೆ ಅರಿಸಮಾಸದ ಗೊಡವೆಯೇ ಇರುತ್ತಿರಲಿಲ್ಲ. ಸಂಸ್ಕೃತವನ್ನು ಬಾಗಿಲಲ್ಲೇ ತಡೆಯಿರಿ, ಸಮಾಸದ ಜಗಳ ತಾನಾಗಿ ನಿಲ್ಲುತ್ತದೆ. ಹೆಣಮೇಣದ ಬಗ್ಗೆ ಯಾರೂ ಚಕಾರವೆತ್ತಿಲ್ಲ, ಅಷ್ಟು ಸೊಗಸಾಗಿದೆ.

----

ಎತ್ತುತ್ತೇನೆ. ಮರಾಠಿಯವರೂ ಮೇಣ ಎನ್ನುತ್ತಾರೆ. ಯಾರು ಯಾರಿಂದ ತಂದರೆಂದು ತೀರ್ಮಾನವಾಗುವವರೆಗೆ ಅದನ್ನೂ ಬಾಗಿಲಲ್ಲೇ ನಿಲ್ಲಿಸಬೇಕಲ್ಲ?

----

ಶವಾಗಾರದವನೇ ಮತ್ತೆ. ಅಡಿಪೋಸಿಯರ್ ಎನ್ನುವುದು ಲ್ಯಾಟಿನ್ನಿನ ಕೊಬ್ಬು ಮತ್ತು ಮೇಣವನ್ನು ಜೋಡಿಸಿದ್ದು. ನೋಡಲು ಮೇಣವಾದರೂ ರಸಾಯನದ ಲೆಕ್ಕದಲ್ಲಿ ಸಾಬೂನಿಗೆ ಹತ್ತಿರ. ತೇವವಿದ್ದು ಗಾಳಿ ಕಡಿಮೆಯಿರುವಲ್ಲಿ ಬ್ಯಾಕ್ಟೀರಿಯಾಗಳ ಕಿಣ್ವಗಳು ಕೊಬ್ಬನ್ನು ಕೊಬ್ಬಿನಾಮ್ಲಗಳಾಗಿ ಒಡೆಯುತ್ತವೆ, ಅವು ಕ್ಯಾಲ್ಸಿಯಂನಂಥವುಗಳ ಜೊತೆ ಸೇರಿ ಗಟ್ಟಿಯಾಗುತ್ತವೆ. ವಾರಗಳಲ್ಲ, ಎಷ್ಟೋ ಸಲ ತಿಂಗಳುಗಳೇ ಬೇಕು. ಹಾಗೆ ಆದಲ್ಲಿ ಮುಖದ ಗುರುತು ಕೂಡ ಬಹುಕಾಲ ಉಳಿಯುತ್ತದೆ. ಕೊಬ್ಬುಸಾಬೂನು ಅಂದರೂ ತಪ್ಪಿಲ್ಲ.

----

ಸಾಬೂನು ಪರಭಾಷೆಯದು. ಸಾಧ್ಯವಿಲ್ಲ.

----

ದಿನಾ ಅದರಲ್ಲೇ ಮೈ ತೊಳೆಯುತ್ತೀರಲ್ಲ?

----

ಎಲ್ಲರಿಗೂ ವಂದನೆ. ಅಚ್ಚಿಗೆ ಹೀಗೆ ಕಳಿಸಿದೆ: ಮೈ ಆರುವುದು (ಬಿಡಿಸಿಯೇ ಬರೆದಿದ್ದೇನೆ), ನೆತ್ತರಿಳಿತ, ಸೆಟೆತ, ಕೊಬ್ಬುಮೇಣ. ಫಲಕದ ತಲೆಬರಹದಲ್ಲೇ "ಸತ್ತ ಮೇಲೆ" ಎಂದಿರುವುದರಿಂದ ಪ್ರತಿ ಪದಕ್ಕೂ ಶವವನ್ನೋ ಹೆಣವನ್ನೋ ಅಂಟಿಸಬೇಕಾಗಲಿಲ್ಲ. ಸೆಟೆತ ಬಿಡುವುದನ್ನೂ ಒಂದು ಸಾಲಿನಲ್ಲಿ ಸೇರಿಸಿದ್ದೇನೆ. ಮುಂದಿನ ಫಲಕ ಕೊಳೆಯುವುದರದು. ಹೊಟ್ಟೆಯ ಬಲಭಾಗದ ಕೆಳಗೆ ಮೊದಲು ಹಸಿರು ಕಾಣಿಸಿಕೊಳ್ಳುತ್ತದಲ್ಲ, ಅದಕ್ಕೆ ಪದ ಬೇಕು, ಸೋಮವಾರದೊಳಗೆ.

----

ಕಾಠಿನ್ಯ ಬಿಟ್ಟದ್ದಕ್ಕೆ ನನ್ನ ಒಪ್ಪಿಗೆಯಿಲ್ಲ. ಹಸಿರಿಗೆ ಹರಿತ.

----

ಹರಿತ ಅಂದರೆ ಚಾಕು ಹರಿತ ಅಂದುಕೊಳ್ಳುತ್ತಾರೆ. ಹಸಿರು ಎಂದೇ ಬರೆಯಿರಿ.