ಹೊಸ ಡೋರ್ ಬೀಡಿಂಗ್ ಹಾಕಿದ ಮೇಲೆ ಬಾಗಿಲು ಲಾಕೇ ಆಗ್ತಿಲ್ಲ, ಎರಡನೇ ಸೆಟ್ಟೂ ಇದೇ ಕಥೆ

ಹಳೇಚಕ್ರ:
ತಲೆ ಕೆಟ್ಟು ಹೋಗಿದೆ. ಕಾರಿನ ಬಾಗಿಲ ಸುತ್ತಲಿನ ಹಳೆ ಬೀಡಿಂಗ್ (ನೀರು ತಡೆಯೋ ರಬ್ಬರ್ ಪಟ್ಟಿ) ಕಲ್ಲಿನ ಹಾಗೆ ಗಟ್ಟಿಯಾಗಿತ್ತು, ಕಿತ್ತು ಹೊಸದು ಹಾಕಿದೆ. ಬಾಗಿಲು ಲಾಕಿನ ಮೊದಲ ಹಲ್ಲಿಗೆ ಕಚ್ಚಿ ನಿಲ್ಲುತ್ತೆ, ಎರಡನೆಯದಕ್ಕೆ ಹೋಗಲ್ಲ. ಬೇರೆ ಕಡೆಯಿಂದ ಇನ್ನೊಂದು ಸೆಟ್ ತರಿಸಿದೆ, ಅದೂ ಅಷ್ಟೇ. ಸ್ಟ್ರೈಕರ್ (ಲಾಕ್ ಬಂದು ಕಚ್ಚೋ ಕಂಬದ ಮೇಲಿನ ಕೊಂಡಿ) ಹೊರಗೆ ಸರಿಸಿದ ಮೇಲೆ ಲಾಕ್ ಏನೋ ಬೀಳುತ್ತೆ, ಆದ್ರೆ ಮಳೆ ಬಂದ್ರೆ ಒಳಗೆ ನೀರು. ಸರಿಯಾಗಿ ಕೂರೋ ಬೀಡಿಂಗ್ ಯಾವುದು ಅಂತ ದಯವಿಟ್ಟು ಯಾರಾದ್ರೂ ಹೇಳಿ.

ಕೀಲೆಣ್ಣೆ:
ಹಿಂಜ್. ಬಾಗಿಲು ಅರ್ಧ ತೆಗೆದು ಹಿಂದಿನ ತುದಿ ಹಿಡಿದು ಮೇಲೆತ್ತಿ ನೋಡಿ. ಅಲುಗಾಡಿದ್ರೆ ಪಿನ್ ಸವೆದಿದೆ. ಬಾಗಿಲು ಜೋತುಬಿದ್ದಾಗ ಲಾಕು ಸ್ಟ್ರೈಕರಿನ ಕೆಳ ಅಂಚಿಗೆ ಉಜ್ಜುತ್ತೆ, ಜನ ಬೀಡಿಂಗನ್ನ ಬೈತಾರೆ.

ತಗಡುಗೆಳೆಯ:
ಗಾಡಿ ಯಾವುದು, ಯಾವ ವರ್ಷದ್ದು? ಬೀಡಿಂಗ್ ಬಾಗಿಲಿಗೆ ಅಂಟಿಸೋದಾ, ಬಾಡಿಯ ತಗಡಿನ ಅಂಚಿಗೆ ತಳ್ಳಿ ಕೂರಿಸೋದಾ? ಇದು ಗೊತ್ತಾಗದೆ ಯಾರೂ ಏನೂ ಹೇಳೋಕಾಗಲ್ಲ. ಮೊದಲು ಗಾಜು ಪೂರ್ತಿ ಇಳಿಸಿ ಬಾಗಿಲು ಹಾಕಿ. ಗಾಜು ಇಳಿಸಿದಾಗ ಸಲೀಸಾಗಿ ಬಿದ್ದು, ಏರಿಸಿದಾಗ ಬೀಳಲ್ಲ ಅಂದ್ರೆ ಒಳಗಿನ ಗಾಳಿ ತಡೀತಿದೆ, ರಬ್ಬರ್ ಅಲ್ಲ.

ಹಳೇಚಕ್ರ:
ಮಿನಿ, 1973. ಅಂಚಿಗೆ ತಳ್ಳಿ ಕೂರಿಸೋದು, ಒಳಗೆ ಲೋಹದ ಎಲುಬು ಇದೆ. ಗಾಜು ಇಳಿಸಿದ್ರೂ ಅದೇ ಕಥೆ. ಬಾಗಿಲು ಎತ್ತಿದ್ರೆ ಅಲುಗಾಡಲ್ಲ.

ಕೀಲೆಣ್ಣೆ:
1973 ಅಂದ್ರೆ ಒಳಗಿನ ಹಿಂಜ್. 1969ರ ತನಕ ಹಿಂಜ್ ಹೊರಗಡೆ ಕಾಣುತ್ತಿತ್ತು, ಸವೆದದ್ದು ನೋಡಿದ ಕೂಡಲೇ ಗೊತ್ತಾಗೋದು. ಒಳಗಿನದು ಹಾಗಲ್ಲ. ಕೈಗೆ ಗೊತ್ತಾಗದಿದ್ರೂ ಬಾಗಿಲು ಓರೆ ಇರಬಹುದು. ಬೋಲ್ಟ್ ಸಡಿಲಿಸಿ ಮತ್ತೆ ಕೂರಿಸಿ.

ತಗಡುಗೆಳೆಯ:
ಅಳತೆ ತಗೊಳ್ಳದೆ ಹಿಂಜ್ ಮುಟ್ಟಬೇಡಿ ದಯವಿಟ್ಟು. ಒಮ್ಮೆ ಸಡಿಲಿಸಿದ್ರೆ ಬಾಗಿಲ ಸುತ್ತಲಿನ ಸಂದೆಲ್ಲ ಹಾಳು.

ಮಳೆಗಾಲ:
ನೀರು ಎಲ್ಲಿ ಬರುತ್ತೆ? ಕಾಲಡಿಯಲ್ಲಾದ್ರೆ ಬೀಡಿಂಗೇ ಕಾರಣ ಆಗಬೇಕಿಲ್ಲ. ಗಾಜಿನ ಪಕ್ಕದಿಂದ ಬಾಗಿಲೊಳಗೆ ನೀರು ಇಳಿಯೋದು ಸಹಜ, ತಳದ ತೂತುಗಳಿಂದ ಹೊರಗೆ ಹೋಗಬೇಕು. ತೂತು ಮುಚ್ಚಿದ್ರೆ ಅಥವಾ ಟ್ರಿಮ್ (ಬಾಗಿಲ ಒಳಮುಖದ ಹೊದಿಕೆ) ಹಿಂದಿನ ಪ್ಲಾಸ್ಟಿಕ್ ಹಾಳೆ ಹರಿದಿದ್ರೆ ಒಳಗೆ ಬರುತ್ತೆ. ಮಿನಿಯ ನೆಲವೂ ಹೆಸರುವಾಸಿ: 1959ರ ಮೊದಮೊದಲ ಗಾಡಿಗಳಲ್ಲಿ ನೆಲದ ತಗಡಿನ ಜೋಡಣೆ ತಪ್ಪು ದಿಕ್ಕಿಗಿತ್ತು, ಚಕ್ರ ಎರಚಿದ ನೀರು ನೇರ ಒಳಕ್ಕೆ.

ಕೀಲೆಣ್ಣೆ:
ಅವರದು 1973. 1959 ಯಾಕೆ ಈಗ?

ಮಳೆಗಾಲ:
ಟ್ರಿಮ್ ಬಿಚ್ಚಿ ನೋಡಿ ಅನ್ನೋದಕ್ಕೆ ಹೇಳಿದೆ. ತೂತಿಗೆ ತಂತಿ ಹಾಕಿ ನೋಡೋದು ಎರಡು ನಿಮಿಷದ ಕೆಲಸ.

ಹಳೇಚಕ್ರ:
ತೂತು, ಹಾಳೆ ಎರಡೂ ಚೆನ್ನಾಗಿವೆ. ನೀರು ಬರೋದು ಮೇಲಿಂದ, ಗಾಜಿನ ಚೌಕಟ್ಟಿನ ಪಕ್ಕ ಇಳಿದು.

ಗೋಂದು:
ಎಲುಬಿನ ಬೀಡಿಂಗಾದ್ರೂ ಮೂಲೆಗಳಿಗೆ ಕಾಂಟ್ಯಾಕ್ಟ್ ಅಂಟು ಹಾಕಿ. ಎರಡೂ ಕಡೆ ತೆಳುವಾಗಿ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಬೇಕು.

ತಗಡುಗೆಳೆಯ:
ಬೇಡ. ಎಲುಬು ತಗಡನ್ನ ಸರಿಯಾಗಿ ಕಚ್ಚಿದ್ರೆ ಅಂಟು ಬೇಕೇ ಇಲ್ಲ. ಕಚ್ಚುತ್ತಿಲ್ಲ ಅಂದ್ರೆ ಕಾರಣ ಹುಡುಕಬೇಕು. ಅಂಟಿನ ಸಂದಿಯಲ್ಲಿ ನೀರು ನಿಂತು ಅಂಚು ತುಕ್ಕು ಹಿಡಿಯುತ್ತೆ.

ಗೋಂದು:
ಬಿಗಿಯಾದ ತಿರುವಿನಲ್ಲಿ ಒಂದು ಚುಕ್ಕೆ ಅಂಟು ಇಲ್ಲದಿದ್ರೆ ಬೇಸಿಗೆಯಲ್ಲಿ ಎದ್ದು ಬರುತ್ತೆ. ಅಂಚಿಗೆ ಎಲ್ಲೆಡೆ ಬಣ್ಣ ಇದ್ರೆ ತುಕ್ಕಿನ ಮಾತೇ ಇಲ್ಲ.

ಹೊಗೆಬತ್ತಿ:
ನನ್ನ ಹತ್ರ ಹೊಗೆ ಯಂತ್ರ ಇದೆ, ಗಾಡಿಯೊಳಗೆ ಫ್ಯಾನ್ ಜೊತೆ ಇಟ್ರೆ ಎಲ್ಲಿ ಸೋರುತ್ತೆ ಅಂತ ಕಣ್ಣಿಗೇ ಕಾಣುತ್ತೆ. ಹೊಗೆ ಯಂತ್ರ ಇಲ್ಲದವರು ಕತ್ತಲಲ್ಲಿ ಒಳಗೆ ಬಲ್ಬ್ ಹೊತ್ತಿಸಿ ಹೊರಗಿಂದ ಬೆಳಕು ಹುಡುಕಬಹುದು.

ತಗಡುಗೆಳೆಯ:
ಹಳೇಚಕ್ರ ಅವರೇ, ಬೀಡಿಂಗ್ ಪೂರ್ತಿ ತೆಗೀರಿ. ಮಕ್ಕಳ ಆಟದ ಕ್ಲೇಯನ್ನ ನೆಲ್ಲಿಕಾಯಿ ಗಾತ್ರಕ್ಕೆ ಉಂಡೆ ಮಾಡಿ, ತೆಳು ಪ್ಲಾಸ್ಟಿಕ್ ಸುತ್ತಿ, ಅಂಚಿನ ಹೊರಮುಖಕ್ಕೆ 10 ಕಡೆ ಅಂಟಿಸಿ. ಬಾಗಿಲು ಎರಡನೇ ಹಲ್ಲಿನ ತನಕ ಹಾಕಿ ತೆಗೆದು, ಉಂಡೆ ಎಷ್ಟು ದಪ್ಪಕ್ಕೆ ಚಪ್ಪಟೆ ಆಗಿದೆ ಅಂತ ಕ್ಯಾಲಿಪರಿನಲ್ಲಿ ನೋಡಿ. ಬೀಡಿಂಗ್ ತುಂಬಬೇಕಾದ ಜಾಗ ಅದೇ. ಜೊತೆಗೆ ಅಂಚಿನ ತಗಡಿನ ದಪ್ಪವನ್ನೂ ಸುತ್ತಲೂ ಅಳೀರಿ.

ಹಳೇಚಕ್ರ:
ಕ್ಲೇ: ಕೆಳಗೆ 7 ಮಿ.ಮೀ., ಹಿಂದಿನ ಕಂಬದ ನಡುವೆ 9, ಮೇಲೆ ಹಿಂದೆ 11, ಮೇಲೆ ಮುಂದೆ 12.
ಅಂಚಿನ ದಪ್ಪ: ಮೇಲೆ 1.9, ಕಂಬದಲ್ಲಿ 2.1, ಕೆಳಗೆ 4.6. ವೆಲ್ಡ್ ಚುಕ್ಕೆಗಳ ಮೇಲೆ 5ಕ್ಕೂ ಜಾಸ್ತಿ. ಸಿಲ್ಲು (ಬಾಗಿಲ ಕೆಳಗಿನ ಹೊಸ್ತಿಲಿನಂಥ ತಗಡು) ಬದಲಾಯಿಸಿದ್ದೆ, ಅದಕ್ಕೆ.

ತಗಡುಗೆಳೆಯ:
ಸಿಲ್ಲು ಬದಲಾಯಿಸಿದ್ದನ್ನ ಮೊದಲೇ ಹೇಳಬೇಕಿತ್ತು ಸರ್! ಸಮಸ್ಯೆ ಅಲ್ಲೇ ಇದೆ.

ನಿಮ್ಮ ಬೀಡಿಂಗಿನ ಬಾಯಿ ಎಷ್ಟು ದಪ್ಪ ಹಿಡಿಯುತ್ತೆ ನೋಡಿ. ಸಾಮಾನ್ಯವಾಗಿ 1ರಿಂದ 3 ಅಥವಾ 3.5 ಮಿ.ಮೀ. 4.6 ದಪ್ಪಕ್ಕೆ ತಳ್ಳಿದ್ರೆ ಬಾಯಿ ಅಗಲುತ್ತೆ, ತಳದ ತನಕ ಇಳಿಯಲ್ಲ, ಟೊಳ್ಳು ಗುಳ್ಳೆ (ಬಾಗಿಲಿಗೆ ಒತ್ತೋ ಮೆತ್ತನೆ ಕೊಳವೆಯಂಥ ಭಾಗ) ಬಾಗಿಲ ಕಡೆಗೆ ವಾಲುತ್ತೆ. ಬಾಗಿಲು ಮೊದಲು ಕೆಳಗೆ ತಾಗಿ ನಿಲ್ಲೋದು ಅದಕ್ಕೇ. ಲಾಕ್ ಬೀಳಲಿ ಅಂತ ನೀವು ಸ್ಟ್ರೈಕರ್ ಹೊರಗೆ ತಂದಿರಿ, ಮೇಲಿನ ಸಂದು ಇನ್ನೂ ಬಾಯಿ ಬಿಡ್ತು. ಮೂರನೇ ಸೆಟ್ ತಂದ್ರೂ ಹೀಗೇ ಆಗುತ್ತೆ.

ಮಾಡಬೇಕಾದ್ದು: ತಗಡಿನ ನಡುವಿಂದ ಹೊರಬಂದ ಸೀಲರ್ ಕೆರೆದು ತೆಗೀರಿ. ವೆಲ್ಡ್ ತಲೆಗಳನ್ನ ಫ್ಲಾಪ್ ಡಿಸ್ಕಿನಲ್ಲಿ (ಗ್ರೈಂಡರಿಗೆ ಹಾಕೋ ಉಜ್ಜುವ ಚಕ್ರ) ಸಮ ಮಾಡಿ, ಮೂಲ ತಗಡನ್ನ ತಿನ್ನಬೇಡಿ, ಹಿಡಿತ ಹೋಗುತ್ತೆ. ಪದರಗಳ ನಡುವೆ ಸಂದಿದ್ರೆ ಹಿಂದೆ ಡಾಲಿ (ಆಸರೆಗೆ ಹಿಡಿಯೋ ಕಬ್ಬಿಣದ ತುಂಡು) ಕೊಟ್ಟು ಸುತ್ತಿಗೆಯಿಂದ ಒತ್ತಿ ಮುಚ್ಚಿ. ಬರಿ ತಗಡಿಗೆ ಜಿಂಕ್ ಪ್ರೈಮರ್, ಮೇಲೆ ತೆಳು ಬಣ್ಣ. ಆಮೇಲೆ ಸ್ಟ್ರೈಕರ್ ಮೊದಲಿದ್ದ ಜಾಗಕ್ಕೆ ತಂದು ಮತ್ತೆ ಕ್ಲೇ.

ಗುಳ್ಳೆಯ ಲೆಕ್ಕ ಹೀಗೆ: ಬಾಗಿಲು ಹಾಕಿದಾಗ ಅದು ಮೂರನೇ ಒಂದು ಪಾಲು ಒತ್ತಬೇಕು. 8 ಮಿ.ಮೀ. ಜಾಗಕ್ಕೆ 12ರ ಗುಳ್ಳೆ. ಅರ್ಧಕ್ಕಿಂತ ಜಾಸ್ತಿ ಒತ್ತಿದ್ರೆ ಬಾಗಿಲು ಬಡಿದು ಹಾಕಬೇಕಾಗುತ್ತೆ. ಇಪಿಡಿಎಂ (ಒಂದು ಬಗೆಯ ಕೃತಕ ರಬ್ಬರ್) ಸ್ಪಾಂಜ್ ಆಗಿರಲಿ. ಎರಡು ಬೆರಳಲ್ಲಿ ಒತ್ತಿದ್ರೆ ಪೂರ್ತಿ ಮಡಿದು, ಬಿಟ್ಟ ಕೂಡಲೇ ಎದ್ದು ಬರಬೇಕು. ಗಾತ್ರ ಒಂದೇ ಇದ್ದು ಗೋಡೆ ದಪ್ಪ ಇರೋ ರಬ್ಬರ್ ಬಾಗಿಲನ್ನ ಹಿಂದಕ್ಕೆ ತಳ್ಳುತ್ತೆ.

ಗೋಂದು:
ಗುಳ್ಳೆಯಲ್ಲಿ ಗಾಳಿ ತೂತು ಇದೆಯಾ ನೋಡಿ. ತೂತಿಲ್ಲದೆ ಜೋಡಣೆಯನ್ನೂ ಅಂಟಿಸಿದ್ರೆ ಅದು ಗಾಳಿ ತುಂಬಿದ ಟ್ಯೂಬಿನ ಹಾಗೆ ನಿಲ್ಲುತ್ತೆ. ಒಳಬದಿಗೆ ಅಲ್ಲಲ್ಲಿ 2 ಮಿ.ಮೀ. ತೂತು ಸಾಕು.

ತಗಡುಗೆಳೆಯ:
ಇದು ನೂರಕ್ಕೆ ನೂರು ಸರಿ. ಕೂರಿಸುವಾಗ ಕೆಳಗೆ ನಡುವಿಂದ ಶುರು ಮಾಡಿ, ಎಳೀಬೇಡಿ. ಎಳೆದು ಕೂರಿಸಿದ್ದು ಕೆಲ ವಾರಗಳಲ್ಲಿ ಕುಗ್ಗಿ ಜೋಡಣೆ ಬಾಯಿ ಬಿಡುತ್ತೆ. ಮೂಲೆಗೆ ಸ್ವಲ್ಪ ಜಾಸ್ತಿಯೇ ತುಂಬಿ, ಕೊನೆಗೆ 10 ಮಿ.ಮೀ. ಉಳಿಸಿ ಕತ್ತರಿಸಿ ಒತ್ತಿ ಸೇರಿಸಿ.

ಹಳೇಚಕ್ರ:
ಕೆಳಗಿನ ಅಂಚು ಈಗ 3.1. ಎರಡನೇ ಸೆಟ್ಟನ್ನೇ ಹಾಕಿದೆ, ಬುಡದ ತನಕ ಇಳಿಯಿತು. ಸ್ಟ್ರೈಕರ್ ಹಳೆ ಜಾಗಕ್ಕೆ ಬಂತು, ಬಾಗಿಲು ಅಂಗೈಯಲ್ಲಿ ತಳ್ಳಿದ್ರೆ ಎರಡನೇ ಹಲ್ಲಿಗೆ ಬೀಳುತ್ತೆ. ಗುಳ್ಳೆಗೆ ಸೀಮೆಸುಣ್ಣ ಬಳಿದು ನೋಡಿದೆ: ಬಾಗಿಲ ಮೇಲೆ ಸುತ್ತಲೂ 6-7 ಮಿ.ಮೀ. ಅಗಲದ ಗೆರೆ. ಮೇಲೆ ಮುಂದಿನ ಮೂಲೆಯಲ್ಲಿ ಮಾತ್ರ ಒಂದು ಗೇಣು ಗೆರೆಯೇ ಇಲ್ಲ. ಅಲ್ಲಿ ಕ್ಲೇ 11.

ಕೀಲೆಣ್ಣೆ:
ಆ ಮೂಲೆ ಹಿಂಜಿನ ಕಡೆಯದ್ದು. ಸ್ಟ್ರೈಕರಿಗೆ ಅದು ಸಿಗಲ್ಲ.

ತಗಡುಗೆಳೆಯ:
ಹೌದು, ಇಲ್ಲಿ ಕೀಲೆಣ್ಣೆ ಹೇಳಿದ್ದೇ ಸರಿ. ಹಿಂದಿನ ಮೂಲೆ ಆಗಿದ್ರೆ ಬಾಗಿಲ ತಳಕ್ಕೆ ಮರದ ತುಂಡು ಕೊಟ್ಟು ಚೌಕಟ್ಟು ಒತ್ತಬಹುದಿತ್ತು. ಮುಂದೆ ಬೇಡ.

ಕೀಲೆಣ್ಣೆ:
ಮೇಲಿನ ಹಿಂಜ್ ಮಾತ್ರ. ಬಾಗಿಲ ಕೆಳಗೆ ಜ್ಯಾಕಿಟ್ಟು, ಮೇಲೆ ಬಟ್ಟೆ ಮಡಚಿ ಹಾಕಿ ಭಾರ ಹೊರಿಸಿ. ಹಿಂಜಿನ ಸುತ್ತ ಪೆನ್ಸಿಲ್ ಗೆರೆ ಎಳೆದು, ಬೋಲ್ಟ್ ಅರ್ಧ ಸುತ್ತು ಬಿಟ್ಟು, 1 ಮಿ.ಮೀ. ಒಳಗೆ ತಳ್ಳಿ ಬಿಗಿ ಮಾಡಿ. ಚೌಕಟ್ಟಿನ ತುದಿ ಹಿಂಜಿಗಿಂತ ಎತ್ತರದಲ್ಲಿರೋದ್ರಿಂದ ಅಲ್ಲಿ 1ಕ್ಕಿಂತ ಜಾಸ್ತಿಯೇ ಒಳಗೆ ಬರುತ್ತೆ. ಒಂದೇ ಸಲಕ್ಕೆ 3 ತಳ್ಳಬೇಡಿ. ಪ್ರತಿ ಸಲ ಸೀಮೆಸುಣ್ಣ ಬಳಿದು ನೋಡಿ, ಹಿಂದಿನ ಕೆಳಮೂಲೆಯ ಗೆರೆ ತೆಳುವಾದ್ರೆ ಅಲ್ಲಿಗೇ ನಿಲ್ಲಿಸಿ.