ಸಹಾಯ ಬೇಕು: ಟೆಕ್ಸಸ್ ಕೌಂಟಿಗಳಲ್ಲಿ 18 ದಾಟಿದವರ ಲೆಕ್ಕ

ನಮಸ್ಕಾರ ಎಲ್ಲರಿಗೂ. ಡೇಟಾ, ಮ್ಯಾಪ್ ಕೆಲಸ ಗೊತ್ತಿರೋರು ಯಾರಾದ್ರೂ ಇದ್ದರೆ ಸ್ವಲ್ಪ ನೋಡಿ.

ಟೆಕ್ಸಸ್‌ನ 254 ಕೌಂಟಿಗಳಲ್ಲಿ (ನಮ್ಮ ಜಿಲ್ಲೆ ಥರ) 18 ವರ್ಷ ದಾಟಿದವರು, ಅಂದ್ರೆ ವೋಟಿನ ವಯಸ್ಸಿನವರು, ಶೇಕಡಾ ಎಷ್ಟು ಅಂತ ಮ್ಯಾಪ್ ಮಾಡ್ತಿದ್ದೀನಿ, 2020ರ ಜನಗಣತಿ ಇಟ್ಕೊಂಡು. ಮೆಕ್ಸಿಕೋ ಗಡಿಯ ಹಿಡಾಲ್ಗೊ, ಸ್ಟಾರ್ ಕೌಂಟಿಗಳಲ್ಲಿ ಮಕ್ಕಳು ಜಾಸ್ತಿ, ಹಾಗಾಗಿ ಪಾಲು ಕಮ್ಮಿ. ನಿವೃತ್ತರು ಸೇರಿಕೊಂಡಿರೋ ಲ್ಯಾನೋದಲ್ಲಿ ಹೆಚ್ಚು. ಇಷ್ಟು ಸರಿ.

ತೊಡಕು ಶುರುವಾಗಿದ್ದು ವಾಕರ್ ಕೌಂಟಿಯಲ್ಲಿ. ಹಂಟ್ಸ್‌ವಿಲ್ ಜೈಲುಗಳ ಕೈದಿಗಳನ್ನೂ ಅಲ್ಲೇ ಎಣಿಸ್ತಾರೆ. ಫೆಲನಿ (ಗಂಭೀರ ಅಪರಾಧ) ಶಿಕ್ಷೆ ಮುಗಿಯೋ ತನಕ ಅವರಿಗೆ ವೋಟಿಲ್ಲ. ಇನ್ನು ನಾನಿರೋ ಕಾಲಿನ್ ಕೌಂಟಿ! ನಮ್ಮ ಬೀದೀಲೇ ಎಚ್-1ಬಿ (ಕೆಲಸದ ವೀಸಾ) ಮನೆಗಳು ಐದಿವೆ, ನಮ್ಮದೂ ಸೇರಿ; ನಾಗರಿಕರಲ್ಲದ ನಮಗೂ ವೋಟಿಲ್ಲ. ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತಾರಲ್ಲ, ನಮ್ಮದು ಉಲ್ಟಾ: ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಅದಕ್ಕೇ 18 ದಾಟಿದ ನಾಗರಿಕರದ್ದೇ ಬೇರೆ ಪಟ್ಟಿ ತಗೊಂಡೆ. ಅದು ಐದು ವರ್ಷದ ಸ್ಯಾಂಪಲ್ ಸಮೀಕ್ಷೆಯ ಅಂದಾಜು. 2020ರಲ್ಲಿ ಬರೀ 64 ಜನ ಇದ್ದ ಲವಿಂಗ್ ಕೌಂಟಿಗೆ ಆ ಅಂದಾಜು ನಂಬೋದು ಹೇಗೆ? ಅದನ್ನೂ 47 ಲಕ್ಷ ಜನರ ಹ್ಯಾರಿಸ್ ಕೌಂಟಿಯನ್ನೂ ಒಂದೇ ಗಟ್ಟಿ ಬಣ್ಣದಲ್ಲಿ ತೋರಿಸೋದು ಮೋಸ ಅನ್ಸುತ್ತೆ.

ಚಿಕ್ಕ ಕೌಂಟಿಗಳಿಗೆ ಅಡ್ಡಗೆರೆ ಹಾಕಿ ಬೇರೆ ತೋರಿಸ್ಲಾ, ಅಕ್ಕಪಕ್ಕದ್ದನ್ನ ಸೇರಿಸಿಬಿಡ್ಲಾ? ಕೈದಿಗಳನ್ನ ಕಳೆದು ಲೆಕ್ಕ ಹಾಕಿದವರು ಯಾರಾದ್ರೂ ಇದ್ದೀರಾ?

ಹೆಸರು ನೋಡಿ ಶೀಟ್ ಜೋಡಿಸಬೇಡ ಅಂತ ಬೈಯೋ ಮುಂಚೆ ಹೇಳ್ಬಿಡ್ತೀನಿ: ಒಂದೇ ಕೌಂಟಿ ಹೆಸರು ಒಂದು ಶೀಟಲ್ಲಿ 'ಡಿವಿಟ್', ಇನ್ನೊಂದರಲ್ಲಿ 'ಡಿ ವಿಟ್' ಅಂತಿತ್ತು, ಒಂದು ಸಂಜೆ ಹಾಳಾಯ್ತು. ಈಗ ಕೌಂಟಿ ಕೋಡ್‌ನಿಂದಲೇ ಜೋಡಿಸಿದ್ದೀನಿ.